ಹಕ್ಕಿ ಏನು ಮಾಡುತ್ತಿದೆ?

ಹೊಳೆಯ ದಡದಲ್ಲಿ ಒಂದು ಆಶ್ರಮವಿತ್ತು. ಅಲ್ಲಿ ಜಪ ಹೇಳಿಕೊಡುತ್ತಿರಲಿಲ್ಲ. ಹಕ್ಕಿಗಳ ಫೋಟೊ ತೆಗೆಯುವುದನ್ನು ಹೇಳಿಕೊಡುತ್ತಿದ್ದರು.

ಗುರು ವಯಸ್ಸಾದ ಹೆಂಗಸು. ಶಿಷ್ಯರು ಅವರನ್ನು ಅಜ್ಜಿ ಎಂದು ಕರೆಯುತ್ತಿದ್ದರು. ಯಾರಾದರೂ ಗುರುಮಾತೆ ಎಂದರೆ ಆ ದಿನ ಅವರಿಗೆ ಪಾತ್ರೆ ತೊಳೆಯುವ ಕೆಲಸ ಸಿಗುತ್ತಿತ್ತು.

ಪಡಸಾಲೆಯಲ್ಲಿ ಸುಣ್ಣ ಬಳಿದ ಒಂದು ಗೋಡೆ. ಅದರ ಮೇಲೆ ಶಿಷ್ಯರು ತೆಗೆದ ಫೋಟೊಗಳು. ತುಂಬ ಇರಲಿಲ್ಲ. ಆಶ್ರಮಕ್ಕೆ ಬಂದವರು ಬಹಳ, ಗೋಡೆ ಏರಿದವರು ಕಡಿಮೆ.

ಪದ್ಧತಿ ಹೀಗಿತ್ತು. ತೆಗೆದ ಫೋಟೊವನ್ನು ಗುರುವಿಗೆ ತೋರಿಸಬೇಕು. ಗುರು ಚೆನ್ನಾಗಿದೆ ಎನ್ನುತ್ತಿರಲಿಲ್ಲ, ಚೆನ್ನಾಗಿಲ್ಲ ಎಂದೂ ಎನ್ನುತ್ತಿರಲಿಲ್ಲ. ಒಂದೇ ಪ್ರಶ್ನೆ ಕೇಳುತ್ತಿದ್ದರು.

"ಹಕ್ಕಿ ಏನು ಮಾಡುತ್ತಿದೆ?"

ಉತ್ತರ ಸರಿಯಾದರೆ ಮೊಳೆ, ಸುತ್ತಿಗೆ ತರಲು ಹೇಳುತ್ತಿದ್ದರು. ಇಲ್ಲದಿದ್ದರೆ, "ಮಜ್ಜಿಗೆ ಕುಡಿ" ಎನ್ನುತ್ತಿದ್ದರು.

ಆ ಆಶ್ರಮದಲ್ಲಿ ಮಜ್ಜಿಗೆ ತುಂಬ ಖರ್ಚಾಗುತ್ತಿತ್ತು.

ಒಂದು ಬೇಸಿಗೆಯಲ್ಲಿ ಹೈಮವತಿ ಎಂಬ ಹುಡುಗಿ ಬಂದಳು. ಹೆಗಲಲ್ಲಿ ಕ್ಯಾಮೆರಾ ಚೀಲ, ಸೊಂಟದಲ್ಲಿ ಇನ್ನೂ ಹಾಲು ಬಿಡದ ಹೆಣ್ಣು ಕೂಸು.

ಗುರು ಅವಳನ್ನು ಮೇಲಿಂದ ಕೆಳಗೆ ನೋಡಿದರು.

"ಎರಡು ಹೊರೆ ಹೊತ್ತುಕೊಂಡು ಬಂದಿದ್ದೀಯ. ಯಾವುದನ್ನು ಇಳಿಸುತ್ತೀ?"

"ಎರಡನ್ನೂ ಇಳಿಸುವುದಿಲ್ಲ ಅಜ್ಜಿ."

"ಹಾಗಾದರೆ ಒಂದನ್ನು ನನಗೆ ಕೊಡು" ಎಂದು ಗುರು ಕೈ ಚಾಚಿದರು.

ಹೈಮವತಿ ಕ್ಯಾಮೆರಾ ಚೀಲ ಕೊಡಲು ಹೋದಳು. ಗುರು ಕೂಸನ್ನು ಎತ್ತಿಕೊಂಡರು.

ಅಂದಿನಿಂದ ಶಿಷ್ಯೆ ಹೊಳೆಗೆ ಹೋದರೆ ಗುರು ತೊಟ್ಟಿಲು ತೂಗುತ್ತಿದ್ದರು. ಇದು ಶ್ರೀಪತಯ್ಯನವರಿಗೆ ಸರಿ ಕಾಣಲಿಲ್ಲ. ಶ್ರೀಪತಯ್ಯ ಬ್ಯಾಂಕಿನಲ್ಲಿ ಮ್ಯಾನೇಜರ್ ಆಗಿ ನಿವೃತ್ತರಾದವರು, ಆಶ್ರಮದ ಹಳೆಯ ಶಿಷ್ಯ. ಅವರ ಲೆನ್ಸು ಪಡವಲಕಾಯಿಯಷ್ಟು ಉದ್ದವಿತ್ತು. ಅವರು ಬಹಳ ಬೇಸಿಗೆಗಳಿಂದ ಮಜ್ಜಿಗೆ ಕುಡಿಯುತ್ತಿದ್ದರು.

"ಗುರುಗಳಾದವರು ಕೂಸಿನ ಬಟ್ಟೆ ಬದಲಿಸಬಹುದೇ ಅಜ್ಜಿ?"

"ಬದಲಿಸಬಾರದು ರಾಯರೇ. ಬನ್ನಿ, ನೀವು ಬದಲಿಸಿ."

ಶ್ರೀಪತಯ್ಯ ಮತ್ತೆ ಆ ಮಾತು ಎತ್ತಲಿಲ್ಲ.

ಹೈಮವತಿಗೆ ಅವಸರವಿತ್ತು. ಮನೆಯಲ್ಲಿ ಅತ್ತೆ ಹಾಲಮ್ಮ ಒಂದು ಕರಾರು ಹಾಕಿ ಕಳಿಸಿದ್ದಳು. ಅತ್ತೆ ಹಪ್ಪಳ ಮಾಡಿ ಮಾರುವವಳು. ಸೊಸೆಯ ಲೆನ್ಸನ್ನು ಕಂಡರೆ ಅವಳಿಗೆ ಹಪ್ಪಳ ಒತ್ತುವ ಮೆಷೀನು ಕಣ್ಣ ಮುಂದೆ ಬರುತ್ತಿತ್ತು.

"ಈ ಬೇಸಿಗೆ ನಿನ್ನದು. ಮೊದಲ ಮಳೆ ಬಿದ್ದ ದಿನ ನಾನೇ ಬರುತ್ತೇನೆ. ಆ ಅಜ್ಜಿಯ ಗೋಡೆ ಮೇಲೆ ನಿನ್ನ ಫೋಟೊ ಇದ್ದರೆ ಲೆನ್ಸು ನೀನೇ ಇಟ್ಟುಕೋ. ಇಲ್ಲದಿದ್ದರೆ ಅದನ್ನು ಮಾರಿ ಮೆಷೀನು ತರುತ್ತೇನೆ. ಆಮೇಲೆ ಮುಖ ಊದಿಸಿಕೊಂಡು ಕೂರಬಾರದು."

ಹೈಮವತಿ ಒಪ್ಪಿ ಬಂದಿದ್ದಳು.

ಮೊದಲು ಅವಳು ಮಿಂಚುಳ್ಳಿಯ ಫೋಟೊ ತಂದಳು. ಕೊಂಬೆಯ ತುದಿಯಲ್ಲಿ ಕೂತ ನೀಲಿ ಹಕ್ಕಿ.

"ಹಕ್ಕಿ ಏನು ಮಾಡುತ್ತಿದೆ?"

"ಕೂತಿದೆ."

"ಅದು ಸುಮ್ಮನೆ ಕೂರುವಷ್ಟು ಪುರುಸೊತ್ತಿನದಲ್ಲ. ಮಜ್ಜಿಗೆ ಕುಡಿ."

ಆಮೇಲೆ ಬೆಳ್ಳಕ್ಕಿಯ ಫೋಟೊ ತಂದಳು.

"ಹಕ್ಕಿ ಏನು ಮಾಡುತ್ತಿದೆ?"

ಈ ಸಲ ಹೈಮವತಿ ಯೋಚಿಸಿ ಹೇಳಿದಳು. "ಧ್ಯಾನ ಮಾಡುತ್ತಿದೆ."

"ಆ ಮೀನನ್ನು ಕೇಳಿ ಬಾ. ಮೊದಲು ಮಜ್ಜಿಗೆ ಕುಡಿ."

ಬಿಸಿಲು ಬಲಿಯಿತು. ಹೊಳೆ ಇಳಿಯಿತು. ನಡುವೆ ಮರಳಿನ ದಿಬ್ಬವೊಂದು ಎದ್ದು ಕಾಣಿಸಿತು. ಮೊಣಕಾಲುದ್ದ ನೀರು ದಾಟಿದರೆ ಅಲ್ಲಿಗೆ ಹೋಗಬಹುದಿತ್ತು. ಹೋದರೆ ಸಿಗುವುದು ಬರೀ ಮರಳು, ಗುಂಡುಕಲ್ಲು, ಮತ್ತು ಒಂದು ಜೋಡಿ ಟಿಟ್ಟಿಭ.

ಟಿಟ್ಟಿಭದ ಫೋಟೊ ಯಾರೂ ತೆಗೆಯುತ್ತಿರಲಿಲ್ಲ. ಕೆರೆ ಅಂಗಳ, ಹೊಲದ ಬದು, ಎಲ್ಲಿ ನೋಡಿದರೂ ಇರುವ ಹಕ್ಕಿ. ಹಳದಿ ಕಾಲು, ಕಣ್ಣಿನ ಮುಂದೆ ಕೆಂಪು ತೊಗಲು, ಊರಿಗೇ ಕೇಳುವ ಗಂಟಲು.

ಹೈಮವತಿ ಅದನ್ನೇ ಹಿಡಿದಳು. ಎಲ್ಲರೂ ಬೇಡವೆಂದದ್ದನ್ನು ಯಾರೂ ಕಂಡಿರದ ಹಾಗೆ ತೋರಿಸುತ್ತೇನೆ ಎಂದುಕೊಂಡಳು.

ದಿಬ್ಬದ ಮೇಲೆ ಒಂದು ಮರೆ ಕಟ್ಟಿದಳು. ಮರೆ ಎಂದರೆ ಹಕ್ಕಿಗೆ ಕಾಣದಂತೆ ಒಳಗೆ ಕೂರುವ ಪುಟ್ಟ ಡೇರೆ. ಮಣ್ಣಿನ ಬಣ್ಣದ ಬಟ್ಟೆ, ಬಿದಿರಿನ ಕೋಲು, ಲೆನ್ಸು ತೂರಿಸಲು ಒಂದು ಕಿಂಡಿ.

ಮೊದಲ ದಿನ ದೂರದಲ್ಲಿ ಕಟ್ಟಿದಳು. ಮರುದಿನ ಹತ್ತಿರ ಸರಿಸಿದಳು. ಅದರ ಮರುದಿನ ಇನ್ನೂ ಹತ್ತಿರ.

ಹತ್ತಿರ ಸರಿಸಿದಷ್ಟೂ ಹಕ್ಕಿಯ ಆಟ ಹೆಚ್ಚಾಯಿತು. ಹಾರಿತು, ತಲೆಯ ಮೇಲೆ ಸುತ್ತಿತು, ಮುಂದೆಯೇ ಬಂದು ಇಳಿಯಿತು.

ಒಂದು ಬೆಳಿಗ್ಗೆ ಅವಳಿಗೆ ಬೇಕಾದದ್ದು ಸಿಕ್ಕಿತು. ಹಕ್ಕಿಯ ಹಿಂದೆ ಏರುತ್ತಿರುವ ಸೂರ್ಯ. ಎರಡೂ ರೆಕ್ಕೆ ಬಿಚ್ಚಿದೆ, ರೆಕ್ಕೆಯ ಅಂಚಿನಲ್ಲಿ ಬೆಳಕು. ಕೊಕ್ಕು ತೆರೆದಿದೆ. ಒಂದು ಕಾಲು ನೆಲದ ಮೇಲೆ, ಒಂದು ಕಾಲು ಗಾಳಿಯಲ್ಲಿ.

ಹೈಮವತಿ ಬಟನ್ ಒತ್ತಿದಳು. ಮರೆಯನ್ನು ಅಲ್ಲಿಯೇ ಬಿಟ್ಟು, ನೀರು ಎರಚಾಡುತ್ತ ಆಶ್ರಮಕ್ಕೆ ಓಡಿದಳು.

ಶ್ರೀಪತಯ್ಯ ಮೊದಲು ನೋಡಿದರು. ಕನ್ನಡಕ ತೆಗೆದರು, ಒರೆಸಿದರು, ಮತ್ತೆ ಹಾಕಿಕೊಂಡು ನೋಡಿದರು.

"ತಂಗೀ, ಇದು ಟಿಟ್ಟಿಭವೇ? ಇದು ನಾಟ್ಯ! ಅಜ್ಜಿ ಇವತ್ತು ಮೊಳೆ ಹುಡುಕಲೇಬೇಕು."

ಹೈಮವತಿ ಗುರುವಿನ ಮುಂದೆ ಕ್ಯಾಮೆರಾ ಹಿಡಿದಳು. ಗುರು ಬಹಳ ಹೊತ್ತು ನೋಡಿದರು.

"ಹಕ್ಕಿ ಏನು ಮಾಡುತ್ತಿದೆ?"

"ಕುಣಿಯುತ್ತಿದೆ ಅಜ್ಜಿ."

"ಯಾರಿಗಾಗಿ?"

"ನನಗಾಗಿಯೇ ಏನೋ! ನಾನು ಹತ್ತಿರ ಹೋದಷ್ಟೂ ಹೆಚ್ಚು ಕುಣಿಯಿತು."

"ಫೋಟೊಗೆ ಬಾಯಿಲ್ಲ, ಸರಿ. ನಿನಗೆ ಕಿವಿ ಇತ್ತಲ್ಲ?"

"ಕೂಗುತ್ತಿತ್ತು. ಅದು ಯಾವಾಗಲೂ ಕೂಗುತ್ತದಲ್ಲ."

"ಮರೆ ಎಲ್ಲಿ?"

"ಅಲ್ಲಿಯೇ ಇದೆ. ಸಂಜೆಗೆ ಇನ್ನೂ ಒಂದು ಮಾರು ಹತ್ತಿರ ಸರಿಸಬೇಕು."

ಗುರು ಎದ್ದರು. ಗೂಟಕ್ಕೆ ನೇತು ಹಾಕಿದ್ದ ತಮ್ಮ ಹಳೆಯ ಕ್ಯಾಮೆರಾ ತೆಗೆದುಕೊಂಡರು. ಅಂಗಳದ ಬೇವಿನ ಮರದ ಕಡೆಗೆ ನಡೆದರು.

ಮರದ ನೆರಳಿನಲ್ಲಿ ಬುಟ್ಟಿ ತೊಟ್ಟಿಲು. ಅದರೊಳಗೆ ಕೂಸು ನಿದ್ದೆ ಮಾಡುತ್ತಿತ್ತು. ಬೆಳಗಿನ ನೆರಳು ಒಂದೇ ಕಡೆ ನಿಲ್ಲುವುದಿಲ್ಲ. ಹೊತ್ತು ಏರಿದಂತೆ ಅದು ಮರದ ಬುಡಕ್ಕೆ ಸರಿದಿತ್ತು. ಬಿಸಿಲು ತೊಟ್ಟಿಲ ಅಂಚು ಹತ್ತಿ ಒಳಗೆ ಇಣುಕುತ್ತಿತ್ತು.

ಹೈಮವತಿ ಅದನ್ನು ಪಡಸಾಲೆಯಿಂದಲೇ ಕಂಡಳು. ಅಂಗಳಕ್ಕೆ ಇಳಿದಳು.

ಗುರು ಅವಳಿಗೂ ತೊಟ್ಟಿಲಿಗೂ ನಡುವೆ ನಿಂತು ಕ್ಯಾಮೆರಾ ಎತ್ತಿದರು.

"ಅಲ್ಲಿಯೇ ನಿಲ್ಲು."

"ಅಜ್ಜಿ, ಕೂಸಿಗೆ ಬಿಸಿಲು ಬೀಳುತ್ತಿದೆ."

"ನಿನ್ನ ಹಿಂದಿನಿಂದ ಬೆಳಕು ಬರುತ್ತಿದೆ. ಚೆನ್ನಾಗಿದೆ. ಅಲ್ಲಿಯೇ ಇರು."

"ತೊಟ್ಟಿಲು ಸರಿಸಿ ಬಂದು ನಿಲ್ಲುತ್ತೇನೆ."

"ಆಮೇಲೆ ಈ ಮುಖ ಇರುವುದಿಲ್ಲ."

ಹೈಮವತಿ ಎಡಕ್ಕೆ ಸರಿದಳು. ಗುರುವೂ ಎಡಕ್ಕೆ ಸರಿದರು. ಬಲಕ್ಕೆ ಬಂದಳು. ಗುರುವೂ ಬಂದರು.

"ದಾರಿ ಬಿಡಿ ಅಜ್ಜಿ."

"ಇನ್ನೊಂದು ಫೋಟೊ."

"ನಿಮ್ಮ ಕಾಲಿಗೆ ಬೀಳುತ್ತೇನೆ, ಬಿಡಿ."

"ಬಿದ್ದರೆ ಮುಖ ಕಾಣುವುದಿಲ್ಲ. ನಿಂತುಕೊಂಡೇ ಇರು."

ತೊಟ್ಟಿಲಿನಲ್ಲಿ ಕೂಸಿಗೆ ಎಚ್ಚರವಾಯಿತು. ಸಣ್ಣಗೆ ರಾಗ ತೆಗೆಯಿತು.

ಆಗ ಹೈಮವತಿಗೆ ಎದುರಿಗಿರುವವರು ಗುರು ಎಂಬುದು ಮರೆತೇ ಹೋಯಿತು. "ಸರಿ ಮುದುಕಿ, ಆಚೆ!" ಎಂದು ಕಿರುಚಿದಳು. ಎರಡೂ ಕೈ ಚಾಚಿ ಮುಂದೆ ನುಗ್ಗಿದಳು. ಗುರು ಬಟನ್ ಒತ್ತಿದರು. ಮರುಕ್ಷಣ ನೆಲಕ್ಕೆ ಬಿದ್ದರು.

ಗುರು ಬಿದ್ದ ಕೂಡಲೇ ಕೂಸಿನ ಮುಖದ ಮೇಲೆ ಬಿಸಿಲು ರಾಚಿತು. ಅಲ್ಲಿಯವರೆಗೆ ಆ ಮುಖದ ಮೇಲಿದ್ದದ್ದು ಗುರುವಿನ ನೆರಳು.

ಹೈಮವತಿ ಕೂಸನ್ನು ಎತ್ತಿ ಎದೆಗೆ ಒತ್ತಿಕೊಂಡಳು.

ಶ್ರೀಪತಯ್ಯ ಓಡಿ ಬಂದು ಗುರುವನ್ನು ಎಬ್ಬಿಸಿ ಕೂರಿಸಿದರು.

"ಏನಮ್ಮ ಇದು? ಗುರುಗಳನ್ನು ದೂಡುತ್ತಾರೆಯೇ? ಅಪಚಾರ!"

"ಸುಮ್ಮನಿರಿ ರಾಯರೇ" ಎಂದು ಗುರು ಸೀರೆಯ ಮಣ್ಣು ಕೊಡವಿದರು. "ಆ ಹುಡುಗಿಯ ಕ್ಯಾಮೆರಾ ಇಲ್ಲಿ ಕೊಡಿ."

ಗುರು ಎರಡು ಕ್ಯಾಮೆರಾಗಳನ್ನೂ ಪಕ್ಕಪಕ್ಕದಲ್ಲಿ ಹಿಡಿದು ಹೈಮವತಿಗೆ ತೋರಿಸಿದರು.

ಒಂದರಲ್ಲಿ ಟಿಟ್ಟಿಭ. ಹಿಂದೆ ಸೂರ್ಯ. ಬಿಚ್ಚಿದ ರೆಕ್ಕೆ, ತೆರೆದ ಕೊಕ್ಕು, ಗಾಳಿಯಲ್ಲಿ ಒಂದು ಕಾಲು.

ಇನ್ನೊಂದರಲ್ಲಿ ಹೈಮವತಿ. ಹಿಂದೆ ಸೂರ್ಯ. ಚಾಚಿದ ಕೈ, ತೆರೆದ ಬಾಯಿ, ಗಾಳಿಯಲ್ಲಿ ಒಂದು ಕಾಲು. ಹಾರಿದ ಸೆರಗಿನ ಅಂಚಿನಲ್ಲಿ ಬೆಳಕು.

"ಎಷ್ಟು ಚೆಂದ ಕುಣಿಯುತ್ತಿದ್ದೀಯ ನೋಡು" ಎಂದರು ಗುರು.

ಹೈಮವತಿ ನೋಡಿದಳು. ಒಂದನ್ನು ನೋಡಿದಳು, ಇನ್ನೊಂದನ್ನು ನೋಡಿದಳು.

"ಅಲ್ಲಿ... ಮರಿ ಇದೆಯೇ ಅಜ್ಜಿ?"

"ಇನ್ನೂ ಮೊಟ್ಟೆ ಇರಬೇಕು. ಮರಿಯಾಗಿದ್ದರೆ ಅಲ್ಲಿಂದ ನಡೆಸಿಕೊಂಡು ಹೋಗಿರುತ್ತಿತ್ತು. ನೀನು ಕಂಡೆಯಾ?"

"ಇಲ್ಲ. ಬರೀ ಕಲ್ಲು ಕಂಡಿದ್ದು."

"ಕಲ್ಲಿನ ಹಾಗೆಯೇ ಇರುತ್ತವೆ. ಗೂಡು ಇರುವುದಿಲ್ಲ, ಬರೀ ನೆಲ. ಈ ಬಿಸಿಲಿಗೆ ಆ ಮರಳು ಕಾದ ಹಂಚು. ತಾಯಿ ಮೇಲೆ ಕೂತು ನೆರಳು ಕೊಡಬೇಕು. ನಿನ್ನ ಡೇರೆ ಪಕ್ಕದಲ್ಲಿಯೇ ನಿಂತಿರುವಾಗ ಅದು ಹೇಗೆ ಕೂರುತ್ತದೆ?"

"ಇಷ್ಟೇ ಇದ್ದರೆ ಬಾಯಲ್ಲಿ ಹೇಳಬಹುದಿತ್ತಲ್ಲ!" ಹೈಮವತಿಗೆ ಅಳು ಬಂದಿತ್ತು, ಸಿಟ್ಟೂ ಬಂದಿತ್ತು.

"ಹೇಳಿದ್ದರೆ ನೀನು ದಿಬ್ಬಕ್ಕೆ ನಡೆದುಕೊಂಡು ಹೋಗುತ್ತಿದ್ದೆ, ಓಡುತ್ತಿರಲಿಲ್ಲ" ಎಂದರು ಗುರು.

ಅವರು ಕೈ ಚಾಚಿದರು. ಮೊದಲ ದಿನ ಚಾಚಿದ ಹಾಗೆಯೇ.

ಹೈಮವತಿ ಕೂಸಿನ ಮುಖ ನೋಡಿದಳು. ಗುರುವಿನ ಮೊಣಕೈ ತರಚಿ ರಕ್ತ ಬಂದಿರುವುದನ್ನೂ ನೋಡಿದಳು. ಕೂಸನ್ನು ಆ ಕೈಗೆ ಕೊಟ್ಟಳು.

"ಕೇಳು" ಎಂದರು ಗುರು. "ನೀನು ಹೋದ ಹೆಜ್ಜೆ ಮರಳಲ್ಲಿ ಇನ್ನೂ ಇರುತ್ತದೆ. ಅದರ ಮೇಲೆಯೇ ಹೆಜ್ಜೆ ಇಡು. ಬೇರೆಲ್ಲೂ ಕಾಲಿಡಬೇಡ. ಮರೆ ಕಿತ್ತುಕೋ, ಅದೇ ಹೆಜ್ಜೆಯ ಮೇಲೆ ಹಿಂದಕ್ಕೆ ಬಾ. ಮೊಟ್ಟೆ ಕಂಡರೆ ಏನೇನೋ ಉಪಕಾರ ಮಾಡಬೇಕು ಅನ್ನಿಸುತ್ತದೆ. ಯಾವುದನ್ನೂ ಮಾಡಬೇಡ."

ಹೈಮವತಿ ಓಡಿದಳು.

ಹೊಳೆಗೆ ಇಳಿದಾಗಲೇ ಕೂಗು ಕೇಳಿಸಿತು. ಅದೇ ಕೂಗು, ಬೆಳಗಿನಿಂದ ಕೇಳಿದ್ದೇ. ಈಗ ಅವಳಿಗೆ ಅದರ ಅರ್ಥವನ್ನು ಯಾರೂ ಹೇಳಬೇಕಾಗಿರಲಿಲ್ಲ. ಈಗ ತಾನೇ ಅವಳ ಗಂಟಲೂ ಹಾಗೆಯೇ ಹರಿದಿತ್ತು.

ದಿಬ್ಬ ಹತ್ತಿದಳು. ತನ್ನ ಹೆಜ್ಜೆಯನ್ನು ಹುಡುಕಿದಳು. ಒಂದೊಂದರ ಮೇಲೂ ಪಾದ ಊರಿ ನಡೆದಳು. ಟಿಟ್ಟಿಭ ಅವಳ ತಲೆಗೆ ರೆಕ್ಕೆ ತಾಗಿಸಿ ಹಾರಿತು.

"ಬೈ ತಾಯೀ, ಬೈ. ಇಗೋ, ಹೊರಟೆ" ಎಂದಳು ಹೈಮವತಿ.

ಮರೆಯ ಬಟ್ಟೆ ಎಳೆದಳು. ಕೋಲು ಕಿತ್ತಳು. ಆಗ ಕಂಡಳು.

ಕ್ಯಾಮೆರಾ ಸ್ಟ್ಯಾಂಡಿನ ಕಾಲು ಊರಿದ್ದ ಗುಳಿಯಿಂದ ಒಂದು ಗೇಣು ಆಚೆಗೆ ನಾಲ್ಕು ಕಲ್ಲು. ನಾಲ್ಕೂ ಒಂದೇ ಅಳತೆ. ನಾಲ್ಕರ ಚೂಪು ತುದಿಯೂ ಒಳಮುಖ. ಮೈಮೇಲೆ ಮಸಿ ಚೆಲ್ಲಿದಂಥ ಚುಕ್ಕೆ.

ಕಲ್ಲಲ್ಲ.

ಸೆರಗು ಒದ್ದೆ ಮಾಡಿ ಹೊದಿಸೋಣ ಅನ್ನಿಸಿತು. ಬೊಗಸೆಯಲ್ಲಿ ನೀರು ತಂದು ಸುತ್ತ ಚಿಮುಕಿಸೋಣ ಅನ್ನಿಸಿತು. ಎರಡು ಕಲ್ಲು ಇಟ್ಟು ನೆರಳು ಮಾಡೋಣ ಅನ್ನಿಸಿತು. ಕೈ ತಾನಾಗಿಯೇ ಮುಂದೆ ಹೋಯಿತು.

ಆ ಕೈಯನ್ನು ಅವಳು ಹಿಂದಕ್ಕೆ ಎಳೆದುಕೊಂಡಳು. ಮರೆಯನ್ನು ಸುರುಳಿ ಸುತ್ತಿ ಕಂಕುಳಲ್ಲಿ ಇಟ್ಟುಕೊಂಡು, ಬಂದ ಹೆಜ್ಜೆಯ ಮೇಲೆಯೇ ಹಿಂತಿರುಗಿದಳು.

ಗುರು ಈಚೆ ದಡದಲ್ಲಿ ಲಕ್ಕಿ ಗಿಡದ ಮರೆಯಲ್ಲಿ ಕೂಸನ್ನು ತೊಡೆಯ ಮೇಲೆ ಹಾಕಿಕೊಂಡು ಕೂತಿದ್ದರು. ಹೈಮವತಿ ಪಕ್ಕದಲ್ಲಿ ಬಂದು ಕುಸಿದಳು.

"ಇನ್ನೇನು ಮಾಡಲಿ ಅಜ್ಜಿ?"

"ಏನೂ ಮಾಡದೆ ಕೂರು. ಇಷ್ಟು ದಿನ ಇಲ್ಲಿ ಅದನ್ನೇ ನಿನಗೆ ಕಲಿಸಬೇಕೆಂದು ಇದ್ದೆ."

ಅವರು ನೋಡುತ್ತ ಕೂತರು. ಟಿಟ್ಟಿಭ ದಿಬ್ಬದ ಮೇಲೆ ಎರಡು ಸುತ್ತು ಹಾಕಿತು. ಕೂಗು ತಗ್ಗಿತು. ಆದರೆ ಅದು ಮೊಟ್ಟೆಯ ಹತ್ತಿರ ಹೋಗಲಿಲ್ಲ. ನೀರಿನ ಅಂಚಿಗೆ ಇಳಿಯಿತು.

"ಅಯ್ಯೋ, ಬಿಟ್ಟು ಹೋಯಿತು" ಎಂದಳು ಹೈಮವತಿ.

"ತಾಳು."

ಹಕ್ಕಿ ನೀರೊಳಗೆ ಕೂತಿತು. ಹೊಟ್ಟೆಯ ಗರಿಗಳನ್ನೆಲ್ಲ ನೆನೆಸಿಕೊಂಡಿತು. ಎದ್ದು, ನೀರು ತೊಟ್ಟಿಕ್ಕಿಸುತ್ತ ದಿಬ್ಬ ಹತ್ತಿತು. ಕಲ್ಲುಗಳ ನಡುವೆ ಒಂದು ಜಾಗದಲ್ಲಿ ನಿಂತು, ರೆಕ್ಕೆ ಸಡಿಲಿಸಿ, ಮೆಲ್ಲಗೆ ಕೂತಿತು.

ಹೊಳೆಯ ಬದಿ ಶಾಂತವಾಯಿತು.

ಕೂಸು ಹಸಿದು ಬಾಯಿ ಚಪ್ಪರಿಸುತ್ತಿತ್ತು. ಹೈಮವತಿ ಅದನ್ನು ತೆಗೆದುಕೊಂಡು ಸೆರಗಿನೊಳಗೆ ಹಾಲು ಕುಡಿಸಿದಳು. ಆಚೆ ಒಬ್ಬಳು, ಈಚೆ ಒಬ್ಬಳು.

"ಕ್ಯಾಮೆರಾ ತರಿಸಲೇ?" ಎಂದರು ಗುರು.

ಹೈಮವತಿ ಬೇಡವೆಂದು ತಲೆ ಅಲ್ಲಾಡಿಸಿದಳು.

"ಮೊಟ್ಟೆ ಉಳಿದಿರುತ್ತವೆಯೇ ಅಜ್ಜಿ?"

"ಗೊತ್ತಿಲ್ಲ."

"ನಿಮಗೂ ಗೊತ್ತಿಲ್ಲವೇ?"

"ಅದಕ್ಕೂ ಗೊತ್ತಿಲ್ಲ. ಆದರೂ ಕೂತಿದೆ ನೋಡು."

ಆಶ್ರಮಕ್ಕೆ ಮರಳಿದ ಮೇಲೆ ಹೈಮವತಿ ಕ್ಯಾಮೆರಾ ಕೈಗೆತ್ತಿಕೊಂಡಳು.

"ಆ ಫೋಟೊ ಅಳಿಸಿ ಹಾಕುತ್ತೇನೆ."

ಶ್ರೀಪತಯ್ಯ ಎದೆಯ ಮೇಲೆ ಕೈ ಇಟ್ಟುಕೊಂಡರು. "ಅಂಥ ಫೋಟೊ ನನ್ನ ಜನ್ಮದಲ್ಲಿ ಸಿಕ್ಕಿಲ್ಲ ತಂಗೀ!"

"ಅಳಿಸಬೇಡ" ಎಂದರು ಗುರು.

"ಗೋಡೆಗೆ ಹಾಕುತ್ತೀರಾ?"

"ಇಲ್ಲ."

"ಮತ್ತೆ ಯಾಕೆ ಇಟ್ಟುಕೊಳ್ಳಲಿ?"

"ಬೈದದ್ದು ಆ ಹಕ್ಕಿ. ಅಳಿಸುವುದಕ್ಕೆ ನೀನು ಯಾರು?"

ಆಮೇಲೆ ಹೈಮವತಿ ದಿಬ್ಬಕ್ಕೆ ಕಾಲಿಡಲಿಲ್ಲ. ದಿನವೂ ಈಚೆ ದಡದ ಲಕ್ಕಿ ಗಿಡದ ಕೆಳಗೆ ಕೂರುತ್ತಿದ್ದಳು. ಕೂಸೂ ಜೊತೆಗಿರುತ್ತಿತ್ತು. ಲೆನ್ಸಿನಲ್ಲಿ ನೋಡುತ್ತಿದ್ದಳು, ಬಟನ್ ಒತ್ತುತ್ತಿರಲಿಲ್ಲ.

ನೋಡುತ್ತ ನೋಡುತ್ತ ಕೆಲವು ಸಂಗತಿ ತಿಳಿದವು. ಕಾವಿಗೆ ಕೂರುವುದು ಒಂದೇ ಹಕ್ಕಿಯಲ್ಲ, ಗಂಡ ಹೆಂಡತಿ ಇಬ್ಬರೂ ಸರದಿಯಲ್ಲಿ ಕೂರುತ್ತಾರೆ. ಕಾಗೆ ಬಂದರೆ ಒಬ್ಬರು ಏಳುತ್ತಾರೆ, ಇನ್ನೊಬ್ಬರು ಏಳುವುದಿಲ್ಲ. ಎಮ್ಮೆ ಬಂದರೆ ಅದರ ಮೂಗಿನ ಮುಂದೆಯೇ ರೆಕ್ಕೆ ಬಿಚ್ಚಿ ನಿಂತು ದಾರಿ ತಪ್ಪಿಸುತ್ತಾರೆ. ಎಮ್ಮೆ ಒಂದು ಸಲ ಹೇಳಿದ್ದಕ್ಕೇ ಆಚೆ ಸರಿಯಿತು.

"ನನಗಿಂತ ಎಮ್ಮೆಯೇ ಮೇಲು" ಎಂದಳು ಹೈಮವತಿ.

"ಅದರ ಕೈಯಲ್ಲಿ ಕ್ಯಾಮೆರಾ ಇರಲಿಲ್ಲ" ಎಂದರು ಗುರು.

ಅತ್ತೆಯ ಫೋನು ಬಂತು.

"ಇಲ್ಲಿ ಮೋಡ ಕಟ್ಟುತ್ತಿದೆ. ಗೋಡೆ ಏರಿತಾ ಫೋಟೊ?"

"ಇಲ್ಲ ಅತ್ತೆ."

"ದಿನವೆಲ್ಲ ಏನು ಮಾಡುತ್ತೀ ಅಲ್ಲಿ?"

"ಒಂದು ಹಕ್ಕಿ ಕಾವಿಗೆ ಕೂತಿದೆ. ನೋಡುತ್ತ ಕೂತಿದ್ದೇನೆ."



"ಮನೆಯಲ್ಲಿ ಕೋಳಿ ಕೂತಾಗ ಒಂದು ದಿನ ನೋಡಿದ್ದೀಯಾ ನೀನು?" ಎಂದಳು ಹಾಲಮ್ಮ. ಫೋನು ಇಟ್ಟಳು.

ಮೋಡ ಈ ಕಡೆಗೂ ಬಂತು. ಹೈಮವತಿಗೆ ಈಗ ಎರಡು ಭಯ. ಮಳೆ ಬಂದರೆ ಅತ್ತೆ ಬರುತ್ತಾಳೆ. ಮಳೆ ಬಂದರೆ ಹೊಳೆಯೂ ಬರುತ್ತದೆ, ದಿಬ್ಬ ಮುಳುಗುತ್ತದೆ.

"ಗೋಡೆಯ ಚಿಂತೆ ಹೋಯಿತೇ?" ಎಂದು ಗುರು ಕೇಳಿದರು.

"ಸುಳ್ಳು ಹೇಳುವುದಿಲ್ಲ ಅಜ್ಜಿ. ಹೋಗಿಲ್ಲ. ಆದರೆ ಬೆಳಿಗ್ಗೆ ಎದ್ದ ಕೂಡಲೇ ಮೊದಲು ನೆನಪಾಗುವುದು ಅದಲ್ಲ."

ಗುರು ಅಂದು ಅವಳಿಗೆ ಮಜ್ಜಿಗೆ ಕೊಡಲಿಲ್ಲ. ಕಾಫಿ ಕೊಟ್ಟರು.

ಒಂದು ಮುಂಜಾನೆ ಗಾಳಿಯಲ್ಲಿ ಮಣ್ಣಿನ ವಾಸನೆ ಇತ್ತು. ಎಲ್ಲೋ ದೂರದಲ್ಲಿ ಮಳೆಯಾಗಿತ್ತು. ಹೈಮವತಿ ಲೆನ್ಸಿಗೆ ಕಣ್ಣಿಟ್ಟಳು.

ದಿಬ್ಬದ ಮೇಲೆ ಟಿಟ್ಟಿಭ ಎದ್ದು ನಿಂತಿತ್ತು. ನಾಲ್ಕು ಹೆಜ್ಜೆ ನಡೆಯಿತು. ಅದರ ಹಿಂದೆ ಕಲ್ಲುಗಳೂ ನಡೆದವು.

ಹೈಮವತಿ ಕಣ್ಣುಜ್ಜಿಕೊಂಡು ಮತ್ತೆ ನೋಡಿದಳು.

ಒಂದು. ಇನ್ನೊಂದು. ಅದರ ಹಿಂದೆ ಎಡವುತ್ತ ಮತ್ತೊಂದು. ಮೊಟ್ಟೆಯಿದ್ದ ಜಾಗದಲ್ಲಿ ಒಂದು ಕಲ್ಲು ಮಾತ್ರ ಹಾಗೆಯೇ ಉಳಿದಿತ್ತು.

ಅವಳು ಆ ಕಲ್ಲನ್ನು ಬಹಳ ಹೊತ್ತು ನೋಡಿದಳು.

ಗಾಳಿ ಬೀಸಿತು. ತಾಯಿ ಮೆಲ್ಲಗೆ ಕರೆಯಿತು. ಅದು ಊರಿಗೆ ಕೇಳುವ ಕೂಗಲ್ಲ, ಮರಿಗಷ್ಟೇ ಕೇಳುವುದು. ಮೂರೂ ಓಡಿ ಬಂದು ಅದರ ಹೊಟ್ಟೆಯ ಕೆಳಗೆ ನುಸುಳಿದವು. ಹಕ್ಕಿ ಗರಿ ಉಬ್ಬಿಸಿ ಕೂತಿತು.

ಹೈಮವತಿ ಒಂದು ಫೋಟೊ ತೆಗೆದಳು. ಒಂದೇ. ಲೆನ್ಸಿಗೆ ಮುಚ್ಚಳ ಹಾಕಿದಳು.

ಆ ಮಧ್ಯಾಹ್ನ ತಾಯಿ ತಂದೆ ಎರಡೂ ಸೇರಿ ಮರಿಗಳನ್ನು ದಿಬ್ಬದ ಆಚೆ ತುದಿಗೆ ನಡೆಸಿಕೊಂಡು ಹೋದವು. ಆ ಕಡೆ ಹೊಳೆ ಬತ್ತಿ ಕೆಸರಾಗಿತ್ತು. ಕೆಸರು ದಾಟಿ, ದಡದ ಹುಲ್ಲಿನಲ್ಲಿ ಮರೆಯಾದವು.

ಸಂಜೆ ಮಳೆ ಬಂತು. ಬೆಳಗಾಗುವಷ್ಟರಲ್ಲಿ ದಿಬ್ಬ ಇರಲಿಲ್ಲ, ಕೆಂಪು ನೀರಿತ್ತು.

ಹೈಮವತಿ ಫೋಟೊ ತಂದು ತೋರಿಸಿದಳು. ಮರಳು, ಕಲ್ಲು, ಒಂದು ಪಟ್ಟಿ ನೀರು. ನಡುವೆ ಎಲ್ಲೋ ಕಡಲೆಕಾಳಿನಷ್ಟು ಕಂದು ಬಣ್ಣ.

ಶ್ರೀಪತಯ್ಯ ಇಣುಕಿ ನೋಡಿದರು. ಅವರಿಗೆ ನಿಜವಾಗಿಯೂ ದುಃಖವಾಯಿತು.

"ನನ್ನ ಲೆನ್ಸು ಕೇಳಿದ್ದರೆ ಕೊಡುತ್ತಿದ್ದೆನಲ್ಲ ತಂಗೀ."

ಗುರು ಕ್ಯಾಮೆರಾವನ್ನು ಕಣ್ಣಿನ ಹತ್ತಿರ ತಂದುಕೊಂಡರು. ದೂರ ಹಿಡಿದರು.

"ಹಕ್ಕಿ ಏನು ಮಾಡುತ್ತಿದೆ?"

ಹೈಮವತಿ ಕೂಸನ್ನು ಒಂದು ಸೊಂಟದಿಂದ ಇನ್ನೊಂದಕ್ಕೆ ಬದಲಿಸಿಕೊಂಡಳು.

"ಅದರ ಪಾಡಿಗೆ ಅದು ಇದೆ ಅಜ್ಜಿ. ನಾನು ಒಬ್ಬಳು ಇದ್ದೇನೆ ಎಂಬುದೇ ಅದಕ್ಕೆ ಗೊತ್ತಿಲ್ಲ."

ಗುರು ಶ್ರೀಪತಯ್ಯನವರ ಕಡೆಗೆ ತಿರುಗಿದರು.

"ರಾಯರೇ, ಪೇಟೆಗೆ ಹೋಗಿ ಇದನ್ನು ಪ್ರಿಂಟ್ ಹಾಕಿಸಿಕೊಂಡು ಬನ್ನಿ. ಬರುವಾಗ ಮೊಳೆಯೂ ತನ್ನಿ. ಇದ್ದವೆಲ್ಲ ತುಕ್ಕು ಹಿಡಿದಿವೆ."

ಮಾತಿನಂತೆ ಹಾಲಮ್ಮ ಬಂದಳು. ಕೊಡೆ ಮಡಚುವ ಮೊದಲೇ ಮೊಮ್ಮಗಳನ್ನು ಎತ್ತಿಕೊಂಡಳು, ಲೊಚಕ್ಕೆಂದು ಮುತ್ತು ಕೊಟ್ಟಳು. ಗುರುವಿಗೆ ಹಪ್ಪಳದ ಕಟ್ಟು ಕೊಟ್ಟಳು. ಆಮೇಲೆ ಗೋಡೆಯ ಮುಂದೆ ನಿಂತಳು.

"ಯಾವುದು ನಮ್ಮದು?"

ಹೈಮವತಿ ತೋರಿಸಿದಳು.

ಹಾಲಮ್ಮ ಹತ್ತಿರ ಹೋದಳು. ಕೂಸನ್ನು ಎದೆಗೆ ಆನಿಸಿಕೊಂಡು ಬಗ್ಗಿ ನೋಡಿದಳು. ಹಿಂದೆ ಸರಿದು ನೋಡಿದಳು. ಸುಳ್ಳು ಫೋಟೊ ಹಾಕಿ ಮೋಸ ಮಾಡುತ್ತಿದ್ದಾರೆಯೋ ಎಂದು ಸೊಸೆಯ ಮುಖವನ್ನೂ ನೋಡಿದಳು.

"ಅಮ್ಮೋರೇ, ಲೆನ್ಸಿನ ಮಾತು ಹಾಗಿರಲಿ. ಕೊಟ್ಟ ಮಾತಿಗೆ ನಾನು ತಪ್ಪುವುದಿಲ್ಲ, ಅದು ಅವಳ ಹತ್ತಿರವೇ ಇರಲಿ. ಆದರೆ ಇಷ್ಟು ದಿನ ಮನೆ ಬಿಟ್ಟು ಬಂದು ತೆಗೆದದ್ದು ಇದೇನಾ? ಬರೀ ಕಲ್ಲಿದೆ. ಹಕ್ಕಿ ಎಲ್ಲಿದೆ?"

ಗುರು ಹಪ್ಪಳದ ಕಟ್ಟು ಬಿಚ್ಚುತ್ತಿದ್ದರು. ತಲೆ ಎತ್ತಲಿಲ್ಲ.

"ಅದರ ಮನೆಯಲ್ಲಿದೆ" ಎಂದರು.